ಖಾಲಿ ಉಳಿದ ನೂರನೆಯ ಗುಳಿ

ನನ್ನ ಗಂಡ ನೋರಿಸ್ ಒಸ್ಟ್‌ಬಿ ಪುಕ್ಕಲ. ಇದನ್ನು ನಲವತ್ತೊಂದು ವರ್ಷದಿಂದ ಊರಿಗೆಲ್ಲ ಸಾರಿಕೊಂಡು ಬಂದವಳು ನಾನೇ. ಭಾನುವಾರ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುವವರಲ್ಲಿ ಈ ವಿಷಯ ಗೊತ್ತಿಲ್ಲದವರು ಯಾರೂ ಇಲ್ಲ. ಕೆನಡಾ ಗಡಿಯಿಂದ ಮೂವತ್ತೇ ಮೈಲಿ ದೂರದ, ಅಮೆರಿಕದ ಮೊಂಟಾನಾದ ಈ ಮೂಲೆಯಲ್ಲಿ ಗಂಡಸರು ಕರಡಿಯ ಕಥೆ, ಹಿಮದ ಬಿರುಗಾಳಿಯ ಕಥೆ ಹೇಳಿಕೊಂಡು ಚಳಿಗಾಲ ಕಳೆಯುತ್ತಾರೆ. ನನ್ನವನ ಕಥೆಗಳೆಲ್ಲ ಬಿರುಗಾಳಿ ಬರುತ್ತದೆಂದು ರೇಡಿಯೋದಲ್ಲಿ ಕೇಳಿ ಮನೆಗೆ ವಾಪಸು ಬಂದ ಕಥೆಗಳು.

ಹುಟ್ಟಿನಿಂದಲೇ ಹಾಗಂತೆ. ಐದು ವರ್ಷದವನಿದ್ದಾಗ ಸ್ನಾನದ ತೊಟ್ಟಿಗೆ ಇಳಿಯುವ ಮೊದಲು ಮೊಣಕೈ ಅದ್ದಿ ನೋಡುತ್ತಿದ್ದ ಎಂದು ಅವನ ತಾಯಿ ನನಗೆ ಮದುವೆಗೆ ಮುಂಚೆಯೇ ಎಚ್ಚರಿಸಿದ್ದಳು. ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಲು ಅವನಿಗೆ ಮೂರು ವರ್ಷ ಬೇಕಾಯಿತು. ಮೂವತ್ತೊಂದು ವರ್ಷದಿಂದ ಕೌಂಟಿಯ ಗ್ರೇಡರ್ ಓಡಿಸುತ್ತಾನೆ, ಮಣ್ಣು ರಸ್ತೆ ಸಮ ಮಾಡುವುದು, ಚಳಿಗಾಲದಲ್ಲಿ ಹಿಮ ಸರಿಸುವುದು. ಬೇರೆ ಚಾಲಕರು ವರ್ಷಕ್ಕೆ ಎರಡು ಮೂರಾದರೂ ಅಂಚೆಪೆಟ್ಟಿಗೆಯ ಕಂಬ ಉರುಳಿಸುತ್ತಾರೆ. ಇವನು ಇಂದಿನವರೆಗೆ ಒಂದನ್ನೂ ತಾಗಿಸಿಲ್ಲ. ಇದನ್ನು ಹೊಗಳಿಕೆಯಾಗಿ ಹೇಳಬಹುದಿತ್ತು. ನಾನು ಯಾವಾಗಲೂ ಗೇಲಿಯಾಗಿಯೇ ಹೇಳಿದ್ದೇನೆ.

ಅವನ ಒಂದು ಮಾತು ನಮ್ಮ ಮನೆಯಲ್ಲಿ ಸವೆದು ಹೋಗಿದೆ: ಬೆರಳಿಂದ ಹೋಗದೆ ಇದ್ದರೆ ಅಂಗೈ ಹಾಕಬೇಡ, ನಿಲ್ಲಿಸಿ ನೋಡು. ಉಪ್ಪಿನಕಾಯಿ ಜಾಡಿಯ ಮುಚ್ಚಳ ಬಿಗಿಯಾದರೂ ಅದೇ ಮಾತು, ಮಗಳು ಬ್ರಿಟಾಳ ಬಟ್ಟೆಯ ಡ್ರಾಯರು ಸಿಕ್ಕಿಕೊಂಡರೂ ಅದೇ ಮಾತು. ಬ್ರಿಟಾ ಹದಿನೈದರ ವಯಸ್ಸಿನಲ್ಲಿ ಅವನ ಬೆನ್ನ ಹಿಂದೆ ನಿಂತು ಆ ಮಾತನ್ನು ಅವನದೇ ದನಿಯಲ್ಲಿ ಅಣಕಿಸುತ್ತಿದ್ದಳು, ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ.

ಇಂಥವನು ಮನೆಯ ಪಕ್ಕದ ಶೆಡ್ಡಿನಲ್ಲಿ ಕೂತು ಕೋವಿಯ ತೋಟಾ ತುಂಬುತ್ತಾನೆ ಎಂದರೆ ನಂಬುವುದು ಕಷ್ಟ. ಮದ್ದು ಮುಟ್ಟಲು ಹೆದರಿಕೆಯಿಲ್ಲವೇ ಎಂದು ನಾನೇ ಕೇಳಿದ್ದೆ. ಬೇರೆಯವರು ತುಂಬಿದ್ದನ್ನು ಹೊಡೆಯಲು ಇನ್ನೂ ಹೆಚ್ಚು ಹೆದರಿಕೆ ಎಂದ. ಅದು ಅವನೊಬ್ಬನ ಭಯವೇನಲ್ಲ, ಕೈಯಲ್ಲಿ ತುಂಬುವವರೆಲ್ಲ ಹಾಗೆಯೇ: ಒಬ್ಬ ತುಂಬಿದ್ದನ್ನು ಇನ್ನೊಬ್ಬ ತನ್ನ ಕೋವಿಗೆ ಹಾಕುವುದಿಲ್ಲ, ಯಾರಾದರೂ ಪ್ರೀತಿಯಿಂದ ಕೊಟ್ಟರೂ ನಯವಾಗಿ ಬೇಡ ಎನ್ನುತ್ತಾರೆ. ನೋರಿಸ್ ತುಂಬಿದ್ದನ್ನು ಹೊಡೆಯುವವರು ಪ್ರಪಂಚದಲ್ಲಿ ಮೂರೇ ಜನ: ಅವನು, ನಾನು, ಬ್ರಿಟಾ.

ಶೆಡ್ಡಿನಲ್ಲಿ ಒಂದು ಕಡೆ ನನ್ನ ದೊಡ್ಡ ಫ್ರೀಜರು, ಅದರ ಪಕ್ಕಕ್ಕೆ ಅವನ ಮೇಜು, ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಪ್ರೆಸ್ಸು. ಹಿಡಿಯನ್ನು ಒಂದು ಸಲ ಎಳೆದರೆ ಖಾಲಿ ಕೊಳವೆಗಳನ್ನು ಹೊತ್ತ ಕೆಳಗಿನ ದುಂಡು ಬಿಲ್ಲೆ ಒಂದು ಹೆಜ್ಜೆ ತಿರುಗುತ್ತದೆ. ಒಂದು ಕಡೆ ಮದ್ದಿಗೆ ಕಿಡಿ ಕೊಡುವ ಹಳೆಯ ಕೇಪು ಉದುರಿ ಹೊಸದು ಕೂರುತ್ತದೆ, ಮುಂದಿನದರಲ್ಲಿ ಮದ್ದು ಬೀಳುತ್ತದೆ, ಅದರ ಮುಂದೆ ಗುಂಡು ಕೂರುತ್ತದೆ, ಕೊನೆಗೆ ತಯಾರಾದ ತೋಟಾ ಠಣ್ ಎಂದು ಬದಿಯ ಬುಟ್ಟಿಗೆ ಬೀಳುತ್ತದೆ. ಅಡುಗೆಮನೆಯಲ್ಲಿ ಕೂತು ನಾನು ಆ ಠಣ್ ಕೇಳುತ್ತಿದ್ದರೆ ಗಂಡ ಜೀವಂತವಾಗಿದ್ದಾನೆ ಎಂದು ಅರ್ಥ.

ಅವನು ಎರಡು ಅಳತೆಯವನ್ನು ತುಂಬುತ್ತಾನೆ. ಬ್ರಿಟಾಳ ರೈಫಲ್ಲಿಗೆ ಇನ್ನೂರ ಇಪ್ಪತ್ಮೂರು ಎನ್ನುವುದು. ಗೋಫರ್‌ಗಳು ಅಂದರೆ ಹುಲ್ಲುಗಾವಲನ್ನು ಬಿಲ ಬಿಲ ಮಾಡುವ ನೆಲದ ಅಳಿಲುಗಳು, ಅವನ್ನು ಹೊಡೆಯಲು ಅದು. ನನ್ನ ಬಲ ಭುಜಕ್ಕೆ ಆಪರೇಷನ್ ಆದ ಮೇಲೆ ಹಳೆಯ ರೈಫಲ್ಲಿನ ಒದೆತ ತಡೆಯಲಾಗದೆ, ಜಿಂಕೆಗೆಂದು ನನಗೊಂದು ಮೆತ್ತಗಿನದನ್ನು ಮಾಡಿಸಿಕೊಟ್ಟ. ಅದರದು ಮುನ್ನೂರು. ಮನೆಯಲ್ಲಿ ನಾವು ಬ್ರಿಟಾಳದ್ದನ್ನು ಉದ್ದದ್ದು, ನನ್ನದನ್ನು ಗಿಡ್ಡದ್ದು ಎನ್ನುತ್ತಿದ್ದೆವು. ಉದ್ದದ್ದರ ಖಾಲಿ ಹಿತ್ತಾಳೆ ಕೊಳವೆಯನ್ನೇ ಕತ್ತರಿಸಿ, ಕತ್ತಿನಲ್ಲಿ ದಪ್ಪ ಗುಂಡು ಕೂರುವ ಹಾಗೆ ಮಾಡಿದರೆ ಅದೇ ಗಿಡ್ಡದ್ದು. ಗುಂಡು ಕೂರಿಸಿದ ಮೇಲೆ ಒಟ್ಟು ಉದ್ದ ಎರಡರದ್ದೂ ಹೆಚ್ಚು ಕಡಿಮೆ ಒಂದೇ.

ಅದರಲ್ಲೇ ಇರುವುದು ಅಪಾಯ. ಗಿಡ್ಡದ್ದನ್ನು ಉದ್ದದ್ದರ ರೈಫಲ್ಲಿಗೆ ಹಾಕಿ ಬಲವಾಗಿ ಒತ್ತಿದರೆ ಕೂತುಬಿಡಬಹುದು. ಆಮೇಲೆ ಟ್ರಿಗರ್ ಎಳೆದರೆ ದಪ್ಪ ಗುಂಡಿಗೆ ಸಣ್ಣ ನಳಿಗೆಯಲ್ಲಿ ದಾರಿಯಿಲ್ಲ, ಹಿಂದಿನಿಂದ ಮದ್ದು ತಳ್ಳುವುದನ್ನು ಬಿಡುವುದಿಲ್ಲ, ರೈಫಲ್ಲೇ ಸಿಡಿಯುತ್ತದೆ. ಸಿಡಿಯುವ ಜಾಗ ಹೊಡೆಯುವವರ ಕೆನ್ನೆಯಿಂದ ನಾಲ್ಕು ಬೆರಳು ದೂರ. ಇದನ್ನು ನೋರಿಸ್ ನನಗೆ ಹತ್ತು ಸಲ ಹೇಳಿದ್ದ. ಹತ್ತು ಸಲವೂ ನಾನು ಹೂಂ ಎಂದಿದ್ದೆ.

ಹಾಗಾಗಿ ಒಂದು ಅಳತೆಯಿಂದ ಇನ್ನೊಂದಕ್ಕೆ ಬದಲಿಸುವುದು ಅವನಿಗೆ ಪೂಜೆಯಷ್ಟು ದೊಡ್ಡ ಕೆಲಸ. ಗೋಡೆಯ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಹದಿನಾಲ್ಕು ಸಾಲಿನ ಪಟ್ಟಿ. ಬಿಲ್ಲೆಯಲ್ಲಿ ಉಳಿದ ಕೊಳವೆಗಳನ್ನೆಲ್ಲ ಮುಗಿಸು. ಮದ್ದನ್ನು ಅದರ ಡಬ್ಬಕ್ಕೇ ವಾಪಸು ಸುರಿ, ಮೇಜಿನ ಮೇಲೆ ಒಂದೇ ಡಬ್ಬ ಇರಲಿ. ಬುಟ್ಟಿ ಖಾಲಿ ಮಾಡು. ಎಣಿಸು. ಆ ಅಳತೆಯ ಅಚ್ಚುಗಳನ್ನು ಬಿಚ್ಚು, ಬೇರೆಯವನ್ನು ಕೂರಿಸು, ಮೊದಲ ಐದನ್ನು ತೂಗಿ ನೋಡು. ಇಷ್ಟಕ್ಕೆ ಐವತ್ತು ನಿಮಿಷ. ಅಷ್ಟರಲ್ಲಿ ನನ್ನ ಅಡುಗೆ ಆರಿ ತಣ್ಣಗಾಗುತ್ತಿತ್ತು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತಾರು ವರ್ಷ ಇನ್ನೂರು ಮಕ್ಕಳಿಗೆ ಗಂಟೆ ಹೊಡೆದ ಹೊತ್ತಿಗೆ ಬಡಿಸಿದವಳು ನಾನು, ಒಬ್ಬನೇ ಗಂಡನಿಗೆ ಬಿಸಿಯಾಗಿ ಬಡಿಸಲು ಆಗುತ್ತಿರಲಿಲ್ಲ.

ನನ್ನ ತಮ್ಮ ಡೆಲ್ಮರ್ ಒಂದು ದಿನ ಆ ಪಟ್ಟಿ ಓದಿ ನಕ್ಕ. ಕೇಪು ಒಂದೇ, ಬಿಲ್ಲೆ ಒಂದೇ, ಅಚ್ಚುಗಳಿರುವ ಮೇಲಿನ ತಲೆ ಮಾತ್ರ ಬೇರೆ. ಎರಡನೆಯ ತಲೆಯೊಂದನ್ನು ತಂದು, ಅಚ್ಚುಗಳನ್ನೂ ಮದ್ದಿನ ಅಳತೆಯನ್ನೂ ಅದರಲ್ಲಿ ಒಂದೇ ಸಲ ಕೂರಿಸಿಬಿಟ್ಟರೆ, ಎರಡು ಪಿನ್ನು ಕಿತ್ತು ಇದನ್ನು ಜಾರಿಸಿ ಅದನ್ನು ತಳ್ಳಿದರೆ ಮುಗಿಯಿತು, ಎರಡೇ ನಿಮಿಷ ಎಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ತುಂಬುವವರೆಲ್ಲ ಹಾಗೇ ಮಾಡುತ್ತಾರೆ. ಆ ಕ್ರಿಸ್‌ಮಸ್ಸಿಗೆ ನಾನು ನೋರಿಸ್‌ಗೆ ಎರಡನೆಯ ತಲೆ ಉಡುಗೊರೆ ಕೊಟ್ಟೆ. ಅವನು ಮನಸಾರೆ ಥ್ಯಾಂಕ್ಸ್ ಹೇಳಿ, ಅದಕ್ಕೆಂದೇ ಹೊಸ ಪಟ್ಟಿ ಬರೆದ. ಈಗ ಒಂಬತ್ತೇ ಸಾಲು. ಮೊದಲನೆಯದು: ಎಣಿಸಿ ನೂರಾಗುವವರೆಗೆ ತಲೆಗೆ ಕೈ ಹಾಕಬೇಡ.

ಏಪ್ರಿಲ್ ತಿಂಗಳ ಒಂದು ಗುರುವಾರ ಅವನು ನನ್ನ ಗಿಡ್ಡದ್ದನ್ನು ನೂರು ತುಂಬಿ, ಆಮೇಲೆ ಬ್ರಿಟಾಳ ಉದ್ದದ್ದಕ್ಕೆ ಬದಲಿಸಬೇಕಿತ್ತು. ಶನಿವಾರ ಅವಳು ಗೋಫರ್ ಹೊಡೆಯಲು ಹೋಗುವವಳಿದ್ದಳು. ಸಂಜೆ ಆರಕ್ಕೆ ನಾನು ಜಿಂಕೆ ಮಾಂಸ, ಆಲೂಗಡ್ಡೆ ಹಾಕಿದ ಪಾತ್ರೆಯನ್ನು ಓವನ್ನಿನಿಂದ ತೆಗೆದು ಕೂಗಿದೆ. ಬರಲಿಲ್ಲ. ಎರಡನೆಯ ಸಲ ಕೂಗಿದಾಗ ಒಂದು ನಿಮಿಷ ಎಂದ. ಮೂರನೆಯ ಸಲ ನಾನೇ ಬಾಗಿಲಿಗೆ ಹೋಗಿ ನಿಂತೆ. ಅವನು ನನಗೆ ಬೆನ್ನು ಹಾಕಿ, ಯಾವುದನ್ನೋ ನೋಡುತ್ತಾ ನಿಂತಿದ್ದ.

"ಡೆಲ್ಮರ್‌ಗೆ ಎರಡು ನಿಮಿಷ, ನಿನಗೆ ಎರಡು ದಿನ," ಎಂದೆ. "ನಿನ್ನ ಹೆದರಿಕೆಯನ್ನೂ ತಂದುಕೊಡು, ಓವನ್ನಲ್ಲಿಟ್ಟು ಬಿಸಿ ಮಾಡ್ತೀನಿ."

ನಾನು ತಟ್ಟೆ ಹಾಕುವಷ್ಟರಲ್ಲಿ ಬಂದು ಕೂತಿದ್ದ, ತಲೆ ಬದಲಿಸಿ ಬಂದೆ, ಎರಡೇ ನಿಮಿಷ ಎಂದು ಸಣ್ಣಗೆ ನಕ್ಕ. ನಾನು ಚಪ್ಪಾಳೆ ತಟ್ಟಿದೆ. ಊಟವಾದ ಮೇಲೆ ಹೋಗಿ ಬ್ರಿಟಾಳಿಗೆ ಇನ್ನೂರು ತುಂಬಿ ಹಸಿರು ಡಬ್ಬಿಗೆ ಹಾಕಿಟ್ಟ. ಆ ಸಂಜೆ ನನಗೆ ನಿಜವಾಗಿಯೂ ಖುಷಿಯಾಗಿತ್ತು. ಈಗ ಆ ಚಪ್ಪಾಳೆ ನೆನೆದರೆ ನನ್ನ ಕೈ ನನಗೇ ಬೇಡವಾಗುತ್ತದೆ.

ಶುಕ್ರವಾರ ಬೆಳಗ್ಗೆ ಅವನು ಬೇಗನೆ ಕೆಲಸಕ್ಕೆ ಹೋದ. ಹಿಮ ಕರಗಿ ಮಣ್ಣು ರಸ್ತೆಗಳೆಲ್ಲ ಗುಂಡಿ ಬಿದ್ದಿದ್ದವು. ನಾನು ಮಾಂಸದ ಪೊಟ್ಟಣ ತೆಗೆಯಲು ಫ್ರೀಜರಿಗೆ ಹೋದೆ. ಅದರ ಕಾಲಿನ ಪಕ್ಕ ಒಂದು ತೋಟಾ ಬಿದ್ದಿತ್ತು. ನೋಡಿ, ನಾನು ಏನೂ ಗೊತ್ತಿಲ್ಲದವಳಲ್ಲ. ಯಾವ ಅಳತೆಯದು ಎಂದು ಬುಡದಲ್ಲಿ ಕೊರೆದಿರುತ್ತದೆ, ಅದನ್ನು ಓದದೆ ಯಾವ ಡಬ್ಬಿಗೂ ಹಾಕಬಾರದು ಎಂದು ನನಗೆ ಗೊತ್ತು. ಕನ್ನಡಕ ಹಾಕಿಕೊಂಡು, ಬುಡವನ್ನು ಬೆಳಕಿಗೆ ಹಿಡಿದು ಓದಿದೆ. ಇನ್ನೂರ ಇಪ್ಪತ್ಮೂರು. ಎಷ್ಟು ಜಾಗ್ರತೆಯವಳು ನಾನು ಎಂದು ನನಗೇ ಮೆಚ್ಚುಗೆಯಾಗಿ, ಹಸಿರು ಡಬ್ಬಿಯ ಮುಚ್ಚಳ ತೆಗೆದು ಉಳಿದವುಗಳ ಮೇಲೆ ಹಾಕಿದೆ. ಮಧ್ಯಾಹ್ನ ಬ್ರಿಟಾ ಬಂದಳು, ಒಂದು ಕಪ್ ಕಾಫಿ ಕುಡಿದಳು. ಡಬ್ಬಿಯನ್ನು ನಾನೇ ಎತ್ತಿ ಅವಳ ಪಿಕಪ್ಪಿನ ಸೀಟಿನ ಮೇಲಿಟ್ಟೆ.

ಶನಿವಾರ ಬೆಳಗ್ಗೆ ಒಂಬತ್ತೂವರೆಗೆ ನೋರಿಸ್ ಶೆಡ್ಡಿನಿಂದ ನನ್ನನ್ನು ಕರೆದ. ಹೋದರೆ ಮಂಡಿಯೂರಿ, ಟಾರ್ಚು ಹಿಡಿದು ಫ್ರೀಜರಿನ ಕೆಳಗೆ ಹುಡುಕುತ್ತಿದ್ದ. ನನ್ನ ತೋಟಾಗಳನ್ನಿಡುವ ಪ್ಲಾಸ್ಟಿಕ್ ಪೆಟ್ಟಿಗೆ ಮೇಜಿನ ಮೇಲೆ ತೆರೆದಿತ್ತು. ಹತ್ತು ಸಾಲು, ಸಾಲಿಗೆ ಹತ್ತು ಗುಳಿ, ಒಂದೊಂದರಲ್ಲಿ ಒಂದೊಂದು. ಕೊನೆಯ ಸಾಲಿನ ಕೊನೆಯ ಗುಳಿ ಖಾಲಿ.

"ನಿನ್ನದೊಂದು ಸಿಕ್ತಾ ಇಲ್ಲ. ಬುಟ್ಟಿ ಎತ್ತಿದಾಗ ಹಾರಿಬಿದ್ದಿರಬೇಕು," ಎಂದ. "ನೀನೇನಾದ್ರೂ ಕಂಡೆಯಾ?"

"ಕಂಡೆ. ಆದ್ರೆ ಅದು ನನ್ನದಲ್ಲ, ಬ್ರಿಟಾದು. ಬುಡ ಓದಿಯೇ ಡಬ್ಬಿಗೆ ಹಾಕಿದೆ."

ಅವನು ಮಂಡಿಯ ಮೇಲೆಯೇ ಇದ್ದ. ಟಾರ್ಚಿನ ಬೆಳಕು ನನ್ನ ಚಪ್ಪಲಿಯ ಮೇಲೆ ಬಿದ್ದಿತ್ತು, ಅದನ್ನು ಆರಿಸುವುದನ್ನೂ ಮರೆತ.

"ಬುಡ ಮಾತ್ರ ಓದಿದೆಯಾ?"

"ಮತ್ತೇನು ಓದಬೇಕಿತ್ತು?"

"ಆರ್ಲಿಸ್, ನಿನ್ನವು ಉದ್ದದ್ದನ್ನೇ ಕತ್ತರಿಸಿ ಮಾಡಿದವು. ಮೇಲೆ ಕತ್ತರಿಸ್ತೀನಿ. ಬುಡದಲ್ಲಿ ಹಳೆಯದೇ ಇರುತ್ತೆ."

ನಾನು ಓದಿದ್ದು ಸರಿಯಾಗಿಯೇ ಓದಿದ್ದೆ, ಓದಿ ನನ್ನ ಕೈಯಾರೆ ಮಗಳ ಡಬ್ಬಿಗೆ ಹಾಕಿ, ನನ್ನ ಕೈಯಾರೆ ಅವಳ ಗಾಡಿಯಲ್ಲಿಟ್ಟಿದ್ದೆ. ನೋರಿಸ್ ಎದ್ದ. ಗುಡುಗಿದರೆ ಬಣ್ಣಗೆಡುವ ಅವನ ಮುಖದಲ್ಲಿ ಈಗ ಭಯದ ಗುರುತೇ ಇರಲಿಲ್ಲ, ಯಾವ ಗುರುತೂ ಇರಲಿಲ್ಲ. ನಲವತ್ತೊಂದು ವರ್ಷದಲ್ಲಿ ಆ ಮುಖ ಕಂಡಿರದ ನಾನು ಅದನ್ನು ನೋಡಿಯೇ ಇನ್ನಷ್ಟು ಹೆದರಿದೆ. ಅವನು ಗಾಡಿಯ ಕೀಲಿ ತೆಗೆದುಕೊಂಡ, ನಾನು ಅಡುಗೆಯ ಏಪ್ರನ್ನಿನಲ್ಲೇ ಹಿಂದೆ ಓಡಿದೆ.

ಬ್ರಿಟಾ ಹೋಗಿದ್ದು ಹೌಗನ್ ಮನೆಯವರ ಹುಲ್ಲುಗಾವಲಿಗೆ, ಮೂವತ್ತೆಂಟು ಮೈಲಿ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಗೊತ್ತಿತ್ತು. ಆದರೂ ಒತ್ತುತ್ತಲೇ ಇದ್ದೆ. ಪ್ರತಿ ಸಲವೂ ಅವಳ ದನಿ, ನಾನು ಬ್ರಿಟಾ, ಈಗ ಸಿಗ್ತಾ ಇಲ್ಲ, ಆಮೇಲೆ ಕರೀತೀನಿ. ಐದಾರು ಸಲ ಕೇಳಿದ ಮೇಲೆ ಆ ದನಿ ಕೇಳುವುದೇ ಭಯವಾಗಿ ಫೋನನ್ನು ಏಪ್ರನ್ನಿನ ಜೇಬಿಗೆ ತುರುಕಿದೆ. ಹೌಗನ್ ಮನೆಗೆ ಫೋನು ಮಾಡಿದರೆ ಮುದುಕಿ ಎತ್ತಿ, ಮನೆಯಲ್ಲಿ ಗಂಡಸರಿಲ್ಲ, ಕರು ಹಾಕಿಸಲು ಹೋಗಿದ್ದಾರೆ ಎಂದಳು.

ನೋರಿಸ್ ಯಾವತ್ತೂ ಗಂಟೆಗೆ ಐವತ್ತೈದು ಮೈಲಿಯ ಮೇಲೆ ಓಡಿಸಿದವನಲ್ಲ. ಆ ದಿನ ಮುಳ್ಳು ತೊಂಬತ್ತರಲ್ಲಿ ನಡುಗುತ್ತಿತ್ತು, ಅದೂ ಜಲ್ಲಿ ರಸ್ತೆಯಲ್ಲಿ. ಅವನೇ ಸಮ ಮಾಡಿದ ರಸ್ತೆ, ಎಲ್ಲೆಲ್ಲಿ ಗುಂಡಿ ಎಂದು ಅವನಿಗೆ ಗೊತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಎಂಟಕ್ಕೆ ಶುರು ಮಾಡಿದ್ದರೆ ಈಗಾಗಲೇ ನೂರು ಹೊಡೆದಿರುತ್ತಾಳೆ. ನಾನು ಹಾಕಿದ್ದು ಎಲ್ಲದರ ಮೇಲೆ. ಮೇಲಿದ್ದದ್ದು ಮೊದಲು ಕೈಗೆ ಬರುತ್ತದೆ. ಇಲ್ಲ, ಗಾಡಿ ಕುಲುಕಿದಾಗ ಕೆಳಗೆ ಹೋಗಿರುತ್ತದೆ. ಕೆಳಗೆ ಹೋಗಲಿ ದೇವರೇ, ತಳಕ್ಕೆ ಹೋಗಲಿ. ಅವಳು ಎಡಗಣ್ಣು ಮುಚ್ಚಿ ಬಲಗೆನ್ನೆ ರೈಫಲ್ಲಿಗೆ ಒತ್ತಿ ಹೊಡೆಯುತ್ತಾಳೆ. ಆ ಕೆನ್ನೆಯಲ್ಲಿ ಚಿಕನ್‌ಪಾಕ್ಸಿನ ಒಂದು ಕಲೆ ಇದೆ. ಮೂವತ್ತೆಂಟು ವರ್ಷದ ಹೆಂಗಸಿನ ಕೆನ್ನೆಯ ಕಲೆಯನ್ನು ನೆನೆಸಿಕೊಂಡು ನಾನು ಸೀಟಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ.

"ಮಾತಾಡು ನೋರಿಸ್, ನನಗೆ ಬೈಯಾದರೂ ಬೈ," ಎಂದೆ.

"ಗೇಟುಗಳು ಮೂರಿವೆ," ಎಂದ ಅವನು. "ನೀನು ಇಳಿದು ತೆಗೀಬೇಕು."

ನಮ್ಮ ಕಡೆ ಹುಲ್ಲುಗಾವಲಿನ ಗೇಟೆಂದರೆ ಮುಳ್ಳುತಂತಿಗೆ ಕೋಲು ಕಟ್ಟಿದ್ದು. ಕೊನೆಯ ಕೋಲನ್ನು ಕಂಬಕ್ಕೆ ಅಪ್ಪಿಸಿ, ಮೇಲಿನ ತಂತಿಯ ಬಳೆ ಕಳಚಿದರೆ ಬಿಡುತ್ತದೆ. ಮುಚ್ಚಿದ್ದ ಗೇಟನ್ನು ಮುಚ್ಚಿಯೇ ಹೋಗಬೇಕು, ಎಂಥ ಅವಸರವಿದ್ದರೂ. ಅಲ್ಲಿ ಬೇರೆಯವರ ದನಗಳಿವೆ. ಮೊದಲ ಗೇಟನ್ನು ತೆಗೆದು, ಗಾಡಿ ದಾಟಿದ ಮೇಲೆ ಬಿಟ್ಟು ಓಡಿ ಬಂದೆ. ಮುಚ್ಚು ಎಂದ. ಭುಜ ಹರಿದು ಬರುವ ಹಾಗಿತ್ತು, ಎದೆಯಿಂದ ಒತ್ತಿ ಮುಚ್ಚಿದೆ. ಏಪ್ರನ್ನು ತಂತಿಗೆ ಸಿಕ್ಕಿ ಹರಿಯಿತು.

ಎರಡನೆಯ ಗೇಟಿನಲ್ಲಿ ಇಳಿದಾಗ ಕೇಳಿಸಿತು. ದಿಬ್ಬದ ಆಚೆಯಿಂದ, ಗಾಳಿಯಲ್ಲಿ ತೆಳ್ಳಗೆ, ಟಪ್. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ನಾನು ತಂತಿ ಹಿಡಿದು ಅತ್ತುಬಿಟ್ಟೆ. ಹೊಡೆಯುತ್ತಿದ್ದಾಳೆ ಅಂದರೆ ಇದ್ದಾಳೆ. ಆದರೆ ಹೊಡೆಯುತ್ತಿದ್ದಾಳೆ ಅಂದರೆ ಮುಂದಿನದು ಅದೇ ಇರಬಹುದು. ಪ್ರತಿ ಟಪ್ ಕೇಳಿದಾಗಲೂ ಬದುಕಿದಳು ಎಂದುಕೊಳ್ಳುವುದು, ಮರುಕ್ಷಣ ಮುಂದಿನದಕ್ಕೆ ಉಸಿರು ಹಿಡಿಯುವುದು. ನೋರಿಸ್ ಹಾರ್ನಿನ ಮೇಲೆ ಕೈ ಒತ್ತಿ ಹಿಡಿದ. ಗಾಳಿ ನಮ್ಮ ಎದುರಿಗೆ ಬೀಸುತ್ತಿತ್ತು, ಮೇಲಾಗಿ ಅವಳು ಕಿವಿಗೆ ಮುಚ್ಚಳ ಹಾಕಿಕೊಂಡಿರುತ್ತಾಳೆ. ಅದನ್ನು ಕಲಿಸಿದವನೂ ಅವನೇ.

ಮೂರನೆಯ ಗೇಟಿಗೆ ಬರುವ ಹೊತ್ತಿಗೆ ಶಬ್ದ ನಿಂತಿತ್ತು.

ನಾನು ಬಳೆ ಕಳಚುತ್ತಾ ಕಾದೆ. ಗಾಡಿ ದಾಟಿತು, ಕಾದೆ. ಮುಚ್ಚಿದೆ, ಕಾದೆ. ಗಾಳಿ ಬಿಟ್ಟರೆ ಏನೂ ಇಲ್ಲ. ಗಾಡಿ ಹತ್ತಿದಾಗ ನೋರಿಸ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳುತ್ತಿದ್ದ, ಬಾಯಿ ತೆರೆದುಕೊಂಡು. ಸಿಡಿದಿದ್ದರೆ ಬೇರೆ ಥರದ ಸದ್ದು ಕೇಳುತ್ತಿತ್ತು ಅಲ್ವಾ ಎಂದು ಕೇಳಿದೆ. ಅವನು ಗೇರು ಹಾಕಿದ. ದಿಬ್ಬ ಹತ್ತುವ ಆ ಅರ್ಧ ಮೈಲಿಯಲ್ಲಿ ನಾನು ದೇವರಿಗೆ ಏನೇನು ಕೊಡುತ್ತೇನೆ ಎಂದೆನೋ ಈಗ ನೆನಪಿಲ್ಲ. ನನ್ನ ಎರಡು ಕಣ್ಣನ್ನೂ ಕೊಟ್ಟಿದ್ದೆ ಎನ್ನುವುದು ಮಾತ್ರ ನೆನಪಿದೆ.

ದಿಬ್ಬದ ಮೇಲೆ ಬಂದಾಗ ಅವಳ ಕೆಂಪು ಪಿಕಪ್ಪು ಕಂಡಿತು. ಹಿಂಬದಿಯ ಬಾಗಿಲು ಇಳಿಸಿತ್ತು, ರೈಫಲ್ಲು ಅದರ ಮೇಲೆ, ಮೂತಿ ಗುಡ್ಡದ ಕಡೆಗೆ. ಬ್ರಿಟಾ ಐದಾರು ಹೆಜ್ಜೆ ದೂರದಲ್ಲಿ ನೆಲದ ಮೇಲೆ ಕೂತಿದ್ದಳು. ತಲೆ ಬಗ್ಗಿಸಿದ್ದಳು. ನಾನು ಗಾಡಿ ನಿಲ್ಲುವ ಮೊದಲೇ ಹಾರಿ, ಬಿದ್ದು, ಎದ್ದು ಓಡಿದೆ. ಅವಳು ತಲೆ ಎತ್ತಿದಳು. ಎರಡು ಕಣ್ಣು, ಎರಡು ಕೆನ್ನೆ, ಆ ಕಲೆ. ಮೊಣಕಾಲ ಮೇಲೆ ಸ್ಯಾಂಡ್‌ವಿಚ್ಚು.

"ಅಮ್ಮಾ, ಏನಾಯ್ತು? ಅಪ್ಪನಿಗೆ ಏನಾದ್ರೂ ಆಯ್ತಾ?" ಎಂದಳು, ಕಿವಿಯ ಮುಚ್ಚಳ ತೆಗೆಯುತ್ತಾ.

ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ತಡವುತ್ತಿದ್ದೆ. ನೋರಿಸ್ ನಮ್ಮ ಹತ್ತಿರ ಬರದೆ ನೇರ ರೈಫಲ್ಲಿನ ಹತ್ತಿರ ಹೋದ, ಮುಟ್ಟಲಿಲ್ಲ, ಬಗ್ಗಿ ನೋಡಿದ.

ಅವಳೇ ಹೇಳಿದಳು. ಒಂದು ತೋಟಾ ಸಿಕ್ಕಿಕೊಂಡು ರೈಫಲ್ಲು ಪೂರ್ತಿ ಮುಚ್ಚಲಿಲ್ಲವಂತೆ. ಅದರ ಬದಿಯಲ್ಲಿ ಒಂದು ಗುಂಡಿ ಇರುತ್ತದೆ, ಹೀಗಾದಾಗ ಒತ್ತಿ ಮುಚ್ಚಲೆಂದೇ. ಎಲ್ಲರೂ ಅದನ್ನು ಅಂಗೈಯಿಂದ ಗುದ್ದುತ್ತಾರೆ. "ಹೆಬ್ಬೆರಳಲ್ಲಿ ಒತ್ತಿದೆ, ಹೋಗಲಿಲ್ಲ. ಗುದ್ದೋಕೆ ಕೈ ಎತ್ತಿದೆ," ಎಂದು ಅಂಗೈ ತೋರಿಸಿದಳು. "ಅಪ್ಪನ ಆ ಹಾಳು ಮಾತು ನೆನಪಾಯ್ತು. ನಗು ಬಂತು. ಸರಿ, ನಿಲ್ಲಿಸಿ ನೋಡೋಣ, ಮೊದಲು ಊಟ ಮಾಡೋಣ ಅಂತ ಇಟ್ಟುಬಿಟ್ಟೆ."

ನೋರಿಸ್ ರೈಫಲ್ಲಿನ ಕೆಳಗಿನಿಂದ ತೋಟಾ ತುಂಬಿದ ಮ್ಯಾಗಜೀನು ಕಳಚಿದ. ನಮ್ಮಿಬ್ಬರನ್ನೂ ಗಾಡಿಯ ಮುಂಭಾಗಕ್ಕೆ ಹೋಗಿ ನಿಲ್ಲಲು ಹೇಳಿ, ರೈಫಲ್ಲಿನ ಹಿಡಿ ಎಳೆದ. ಬರಲಿಲ್ಲ. ಮೂರನೆಯ ಸಲಕ್ಕೆ ಬಂತು. ಅಂಗೈ ಮೇಲಿಟ್ಟು ತೋರಿಸಿದ. ಗಿಡ್ಡದ್ದು, ನನ್ನದು. ಗುಂಡು ಅರ್ಧ ಕೊಳವೆಯೊಳಕ್ಕೆ ಇಳಿದುಹೋಗಿತ್ತು, ಇನ್ನೊಂದು ಗುದ್ದು ಬಿದ್ದಿದ್ದರೆ ಕೂತುಬಿಡುತ್ತಿತ್ತು. ಬ್ರಿಟಾ ಅದನ್ನು ನೋಡಿದಳು. ತಿನ್ನುತ್ತಿದ್ದ ತುತ್ತನ್ನು ಉಗಿದು, ತನ್ನ ಕೆನ್ನೆ ಮುಟ್ಟಿಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿದಳು.

"ಇದು ಹೇಗೆ ಬಂತು? ನೀನು ಎಣಿಸ್ತೀಯಲ್ಲ ಅಪ್ಪ. ನೀನು ಎಣಿಸ್ತೀಯ ಅಂತಲೇ ನಾನು ನೋಡದೆ ತುಂಬ್ಕೋತೀನಿ."

ನನ್ನಿಂದ ಎಂದೆ. ನನ್ನ ತಪ್ಪು, ಬುಡ ಓದಿ ಹಾಕಿದೆ, ನಾನೇ ನಿನ್ನ ಸೀಟಿನ ಮೇಲೆ ಇಟ್ಟೆ ಎಂದು ಎಲ್ಲ ಹೇಳಿದೆ. ನೋರಿಸ್ ತಲೆಯಾಡಿಸಿದ. ಪಿಕಪ್ಪಿನ ಚಕ್ರದ ಪಕ್ಕ ಹುಲ್ಲಿನ ಮೇಲೆ ಕೂತ. ಈಗ ಅವನ ಕೈ ನಡುಗಲು ಶುರುವಾಗಿತ್ತು, ಆ ತೋಟಾವನ್ನು ಎರಡು ಕೈಯಲ್ಲಿ ಹಿಡಿದರೂ ನಿಲ್ಲುತ್ತಿರಲಿಲ್ಲ.

"ಗುರುವಾರ ಸಂಜೆಯೇ ಗೊತ್ತಿತ್ತು," ಎಂದ. "ತೊಂಬತ್ತೊಂಬತ್ತು. ಆ ಗುಳಿ ಖಾಲಿ ಇರೋದನ್ನ ನೋಡ್ತಾನೇ ನಿಂತಿದ್ದೆ. ಅಷ್ಟರಲ್ಲಿ ನೀನು ಬಾಗಿಲಿಗೆ ಬಂದೆ ಆರ್ಲಿಸ್. ಹುಡುಕ್ತೀನಿ ಅಂದ್ರೆ ಮತ್ತೆ ಅದೇ ಮಾತು ಬರುತ್ತೆ, ಭಾನುವಾರ ಕಾಫಿಗೂ ಅದೇ ಮಾತು ಬರುತ್ತೆ. ಅದಕ್ಕೆ ಹೆದರಿದೆ. ಪೆಟ್ಟಿಗೆ ಮುಚ್ಚಿ, ತಲೆ ಬದಲಿಸಿ ಬಂದುಬಿಟ್ಟೆ."

ನಾನು ಬಾಗಿಲಲ್ಲಿ ನಿಂತು ಏನು ಅಂದಿದ್ದೆ ಎನ್ನುವುದನ್ನು ಅವನು ಮಗಳಿಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ಬ್ರಿಟಾ ಅವನ ಪಕ್ಕ ಹೋಗಿ ಕೂತು ಆ ನಡುಗುವ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು. ದೂರದಲ್ಲಿ ಗೋಫರ್‌ಗಳು ಬಿಲದಿಂದ ತಲೆ ಹಾಕಿ ಕೂಗಲು ಶುರು ಮಾಡಿದವು. ಹಸಿರು ಡಬ್ಬಿಯಲ್ಲಿ ಉಳಿದಿದ್ದನ್ನೆಲ್ಲ ಅವನು ತನ್ನ ಜಾಕೆಟ್ಟಿನ ಮೇಲೆ ಸುರಿದು, ಒಂದೊಂದನ್ನೇ ಬುಡದಿಂದ ತುದಿಯವರೆಗೆ ನೋಡಿ ವಾಪಸು ಹಾಕಿದ. ನಾವು ಮೂವರೂ ನೋಡಿದೆವು. ಬೇರೆ ಯಾವುದೂ ಇರಲಿಲ್ಲ.

ವಾಪಸು ಬರುವಾಗ ಗೇಟು ಮುಚ್ಚಲು ನಾನೇ ಇಳಿದೆ. ಮುಂದೆ ಬ್ರಿಟಾಳ ಪಿಕಪ್ಪು, ಹಿಂದೆ ನಮ್ಮದು. ಮೊದಲ ಗೇಟು ಸಲೀಸಾಗಿ ಮುಚ್ಚಿತು. ಎರಡನೆಯದರಲ್ಲಿ ತಂತಿ ಬಿಗಿದುಕೊಂಡಿತ್ತು. ಬಳೆಯನ್ನು ಕೋಲಿನ ತಲೆಗೆ ಏರಿಸಿದೆ, ಅರ್ಧಕ್ಕೆ ನಿಂತಿತು. ಬೆರಳಿಂದ ಒತ್ತಿದೆ, ಹೋಗಲಿಲ್ಲ. ನನ್ನ ಕೈ ತಾನಾಗಿ ಮೇಲೆದ್ದಿತು, ಅಂಗೈಯಿಂದ ಒಂದು ಗುದ್ದು ಹಾಕಲು. ಇಬ್ಬರೂ ತಮ್ಮ ತಮ್ಮ ಗಾಡಿಯಿಂದ ನನ್ನನ್ನೇ ನೋಡುತ್ತಿದ್ದರು. ಎತ್ತಿದ ಕೈ ಇಳಿಸಿದೆ.

"ನೋರಿಸ್," ಎಂದು ಕೂಗಿದೆ, "ಇಲ್ಲಿ ಬಂದು ಸ್ವಲ್ಪ ನೋಡು."